ಹತ್ತು ತಿಂಗಳ ಕೂಸು, ಮೂರೂವರೆ ವರ್ಷದ ಮಗ, ಮಂಡಿನೋವಿನ ಅತ್ತೆ: ದಾವಣಗೆರೆಯಿಂದ ಶಿಕಾಗೋವರೆಗೆ

ಪ್ರಶ್ನೆ: ನಾವು ದಾವಣಗೆರೆಯವರು. ನಮ್ಮ ಯಜಮಾನರು ಶಿಕಾಗೋದಲ್ಲಿ ಕೆಲಸದಲ್ಲಿದ್ದಾರೆ. ನಾನು, ಹತ್ತು ತಿಂಗಳ ಮಗಳು, ಮೂರೂವರೆ ವರ್ಷದ ಮಗ, ಜೊತೆಗೆ ಮಂಡಿನೋವಿರುವ ಅತ್ತೆ, ನಾಲ್ಕೂ ಜನ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಹೋಗಬೇಕು. ಎಲ್ಲರಿಗೂ ವೀಸಾ ಆಗಿದೆ, ಟಿಕೆಟ್ ಇನ್ನೂ ತೆಗೆದಿಲ್ಲ. ಮಗಳು 8.8 ಕೆಜಿ ಇದ್ದಾಳೆ, ಎದೆಹಾಲಿನ ಜೊತೆಗೆ ಫಾರ್ಮುಲಾ ಹಾಲೂ ಕುಡಿಯುತ್ತಾಳೆ. ಸೀಟು ಹೇಗೆ ತೆಗೆದುಕೊಳ್ಳುವುದು, ಕಿವಿನೋವಿಗೆ ಏನು ಮಾಡುವುದು, ದಾರಿಯಲ್ಲಿ ಏನು ತಿನ್ನಿಸುವುದು ತಿಳಿಯುತ್ತಿಲ್ಲ. ನಿದ್ದೆ ಬರುವ ಸಿರಪ್ ಒಂದು ಚಮಚ ಹಾಕಿಬಿಡಿ ಎಂದು ನೆಂಟರೊಬ್ಬರು ಹೇಳಿದರು. ಹಾಕಬಹುದೇ?

ಉತ್ತರ: ಸಿರಪ್ಪಿನ ವಿಷಯ ಮೊದಲು ಮುಗಿಸೋಣ. ಉಳಿದದ್ದರಲ್ಲಿ ಹೆಚ್ಚುಕಮ್ಮಿಯಾದರೆ ಸುಧಾರಿಸಿಕೊಳ್ಳಬಹುದು, ಇದರಲ್ಲಿ ಆಗದು. ಹಾಕಬೇಡಿ. ನಮ್ಮ ಮನೆಗಳಲ್ಲಿ ‘ನಿದ್ದೆ ಸಿರಪ್’ ಎಂದು ಓಡಾಡುವುದು ಹೆಚ್ಚಾಗಿ ಪ್ರೊಮೆಥಜಿನ್. ಎರಡು ವರ್ಷದೊಳಗಿನ ಮಕ್ಕಳಲ್ಲಿ ಅದು ಉಸಿರಾಟವನ್ನೇ ತಗ್ಗಿಸಿ ಪ್ರಾಣಕ್ಕೆ ತರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲೇ ಅತ್ಯುನ್ನತ ಮಟ್ಟದ ಎಚ್ಚರಿಕೆ ಹಾಕಿಸಿದೆ. ಶೀತಕ್ಕೆ ಕೊಡುವ ಕ್ಲೋರ್‌ಫೆನಿರಮಿನ್–ಫಿನೈಲೆಫ್ರಿನ್ ಜೋಡಿ ಸಿರಪ್ಪುಗಳನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಬಾಟಲಿಯ ಮೇಲೆ ಮುದ್ರಿಸಬೇಕು ಎಂದು ನಮ್ಮ ಔಷಧ ನಿಯಂತ್ರಕರೂ 2023ರ ಡಿಸೆಂಬರ್‌ನಲ್ಲಿ ಹೇಳಿದ್ದಾರೆ. ಅಂದರೆ ನಿಮ್ಮ ಮಗನಿಗೂ ಇಲ್ಲ. ವಿಮಾನದ ಒಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ, ರಕ್ತದಲ್ಲಿ ಆಮ್ಲಜನಕ ಸ್ವಲ್ಪ ಕಡಿಮೆಯೇ ಇರುತ್ತದೆ. ಉಸಿರು ತಗ್ಗಿಸುವ ಔಷಧಿ ಕೊಡಲು ಇದಕ್ಕಿಂತ ಕೆಟ್ಟ ಜಾಗ ಬೇಡ. ಅಷ್ಟಾದರೂ ಕೆಲವು ಮಕ್ಕಳು ಈ ಔಷಧಿಗೆ ಮಲಗುವುದಿಲ್ಲ, ಉಲ್ಟಾ ಕೆರಳುತ್ತಾರೆ.

ಜೊತೆಗಿರಬೇಕಾದ ಔಷಧಿ ಪ್ಯಾರಾಸಿಟಮಾಲ್. ಅದರಲ್ಲೂ ಒಂದು ಎಚ್ಚರ. ಕೂಸುಗಳ ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೆ 100 ಮಿ.ಗ್ರಾಂ. ಇರುತ್ತದೆ, ಸಾಮಾನ್ಯ ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಅಥವಾ 125, ಇನ್ನೊಂದು ಬಗೆಯಲ್ಲಿ 250. ಡ್ರಾಪ್ಸನ್ನು ಸಿರಪ್ ಲೆಕ್ಕದಲ್ಲಿ ಚಮಚದಿಂದ ಹಾಕಿದರೆ ನಾಲ್ಕು ಪಟ್ಟು ಔಷಧಿ ಹೊಟ್ಟೆಗೆ ಹೋಗುತ್ತದೆ. ನಡುರಾತ್ರಿ, ಮಂದ ಬೆಳಕಿನಲ್ಲಿ, ಅತ್ತೆಯವರ ಕೈಗೆ ಬಾಟಲಿ ಕೊಟ್ಟಾಗ ಆಗುವ ತಪ್ಪು ಇದೇ. ಹೊರಡುವ ಮುನ್ನ ಮಕ್ಕಳ ಡಾಕ್ಟರ ಹತ್ತಿರ ಇಬ್ಬರ ತೂಕ ನೋಡಿಸಿ, ಯಾರಿಗೆ ಯಾವ ಬಾಟಲಿ, ಎಷ್ಟು ಮಿ.ಲೀ., ಎಷ್ಟು ಗಂಟೆಗೊಮ್ಮೆ ಎಂದು ಕೇಳಿ, ಬಾಟಲಿಗೇ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿ. ಅದೇ ಭೇಟಿಯಲ್ಲಿ ಮಗಳಿಗೆ ಒಂಬತ್ತನೇ ತಿಂಗಳ ದಡಾರ–ರುಬೆಲ್ಲಾ ಲಸಿಕೆ ಆಗಿದೆಯೇ ನೋಡಿಸಿ. ಆಗಿಲ್ಲದಿದ್ದರೆ ಪ್ರಯಾಣಕ್ಕೆ ಎರಡು ವಾರವಾದರೂ ಮೊದಲು ಹಾಕಿಸಿ. ವರ್ಷ ತುಂಬುವ ಮೊದಲು ಹಾಕಿದ್ದನ್ನು ಅಮೆರಿಕದಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ವರ್ಷವಾದ ಮೇಲೆ ಮತ್ತೆ ಹಾಕುತ್ತಾರೆ. ಅದಕ್ಕೆ ಗಾಬರಿಯಾಗಬೇಕಿಲ್ಲ.

ಟಿಕೆಟ್ ತೆಗೆಯುವ ದಿನ

ಮಕ್ಕಳ ಜೊತೆಗಿನ ಪ್ರಯಾಣ ಸುಗಮವಾಗುವುದೋ ಕೆಡುವುದೋ ಮುಕ್ಕಾಲುಪಾಲು ಇಲ್ಲೇ ತೀರ್ಮಾನವಾಗುತ್ತದೆ. ಆಮೇಲೆ ಎಷ್ಟು ಆಟಿಕೆ ಹೊತ್ತರೂ ಕೆಟ್ಟ ಸೀಟು, ಕೆಟ್ಟ ಕನೆಕ್ಷನ್ ಸರಿಹೋಗುವುದಿಲ್ಲ.

ಎರಡು ವರ್ಷದೊಳಗಿನ ಮಗು ಮಡಿಲಲ್ಲಿ ಕೂರಬಹುದು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಅದಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ ಶೇ. 10ರಷ್ಟು, ಮೇಲೆ ತೆರಿಗೆ. ಮಡಿಲಲ್ಲೇ ಕೂತರೂ ಅವಳ ಹೆಸರಿನಲ್ಲಿ ಟಿಕೆಟ್ ಇರಲೇಬೇಕು, ಅದೂ ನಿಮ್ಮ ಬುಕಿಂಗ್‌ನಲ್ಲೇ, ಮೊದಲ ದಿನವೇ. ‘ಆಮೇಲೆ ಕೌಂಟರಿನಲ್ಲಿ ಸೇರಿಸಿದರಾಯಿತು’ ಎಂದುಕೊಂಡವರು ಸಿಕ್ಕಿಬೀಳುವುದು ಎರಡು ಕಂಪನಿಗಳ ವಿಮಾನ ಸೇರಿದ ಟಿಕೆಟ್‌ನಲ್ಲಿ: ಮೊದಲ ವಿಮಾನಕ್ಕೆ ಕೂಸಿನ ಟಿಕೆಟ್ ಇರುತ್ತದೆ, ಎರಡನೆಯದಕ್ಕೆ ಇರುವುದಿಲ್ಲ. ಈ ಮಾರ್ಗದಲ್ಲಿ ಅದು ಬಹಳ ಸಾಧ್ಯ. ಲುಫ್ತಾನ್ಸಾ ಹೆಸರಿನಲ್ಲಿ ತೆಗೆದ ಟಿಕೆಟ್‌ನ ಫ್ರಾಂಕ್‌ಫರ್ಟ್–ಶಿಕಾಗೋ ಭಾಗವನ್ನು ಯುನೈಟೆಡ್ ಹಾರಿಸುವುದುಂಟು. ಎರಡೂ ಭಾಗದ ವಿಮಾನವನ್ನು ನಿಜವಾಗಿ ಯಾರು ಹಾರಿಸುತ್ತಾರೆ ಎಂದು ಟಿಕೆಟ್‌ನ ಸಣ್ಣಕ್ಷರದಲ್ಲಿ ನೋಡಿ, ಕೂಸಿನ ಟಿಕೆಟ್ ಸಂಖ್ಯೆ ಎರಡಕ್ಕೂ ಇದೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮಗನಿಗೆ ಎರಡು ದಾಟಿರುವುದರಿಂದ ಪೂರ್ತಿ ಸೀಟು ಬೇಕು. ದರ ಸಾಮಾನ್ಯವಾಗಿ ದೊಡ್ಡವರಿಗಿಂತ ಸ್ವಲ್ಪ ಕಡಿಮೆ.

ಹೆಸರುಗಳು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಇರಲಿ. ನಮ್ಮಲ್ಲಿ ಇನಿಶಿಯಲ್ ಬಿಡಿಸಿ ಬರೆಯುವ ರೂಢಿಯಿಂದ ಅತ್ತೆಯವರ ಹೆಸರಿನ ಮುಂದೆ ಊರಿನ ಹೆಸರೋ ತಂದೆಯ ಹೆಸರೋ ಸೇರಿರುತ್ತದೆ. ಏಜೆಂಟರು ಅದನ್ನು ಕತ್ತರಿಸಿ ಟಿಕೆಟ್ ತೆಗೆದಿದ್ದರೆ ಆ ದಿನವೇ ತಿದ್ದಿಸಿ.

ದಿನಾಂಕದ ಒಂದು ಬಲೆ ಇದೆ. ಬೆಂಗಳೂರಿನಿಂದ ಯುರೋಪಿಗೆ ಹೋಗುವ ವಿಮಾನಗಳು ಹೆಚ್ಚಾಗಿ ನಡುರಾತ್ರಿ ದಾಟಿ ಹೊರಡುತ್ತವೆ. ಟಿಕೆಟ್‌ನಲ್ಲಿ 12ನೇ ತಾರೀಖು ನಸುಕಿನ 2 ಗಂಟೆ ಎಂದಿದ್ದರೆ ನೀವು ಮನೆ ಬಿಡಬೇಕಾದ್ದು 11ರ ಸಂಜೆ. ಇದನ್ನು ತಪ್ಪಿ ವಿಮಾನ ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ, ಓದುಬರಹ ಚೆನ್ನಾಗಿ ಬಂದವರೇ.

ಫ್ರಾಂಕ್‌ಫರ್ಟ್‌ನಲ್ಲಿ ಮೂರು ಗಂಟೆಗಿಂತ ಕಡಿಮೆ ಬಿಡುವಿನ ಟಿಕೆಟ್ ಬೇಡ. ವೆಬ್‌ಸೈಟು ಒಂದೂವರೆ ಗಂಟೆಯ ಕನೆಕ್ಷನ್ ಕೂಡ ತೋರಿಸುತ್ತದೆ. ಅದು ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಓಡುವವರಿಗೆ. ಭಾರತದಿಂದ ಬಂದವರು ಅಲ್ಲಿ ಮತ್ತೊಮ್ಮೆ ಭದ್ರತಾ ತಪಾಸಣೆ ದಾಟಬೇಕು, ಅಮೆರಿಕದ ಗೇಟಿನಲ್ಲಿ ಪಾಸ್‌ಪೋರ್ಟ್, ವೀಸಾ ಮತ್ತೆ ನೋಡುತ್ತಾರೆ, ನಡುವೆ ನಡಿಗೆ ಬಹಳ. ಡೈಪರ್ ಬದಲಿಸಿ, ಮಗನನ್ನು ಶೌಚಕ್ಕೆ ಕರೆದೊಯ್ದು, ಅತ್ತೆಯವರನ್ನು ಕೂರಿಸಿ ಎದ್ದರೆ ಒಂದು ಗಂಟೆ ಕಣ್ಣೆದುರೇ ಕರಗಿರುತ್ತದೆ.

ಅತ್ತೆಯವರಿಗೆ ವ್ಹೀಲ್‌ಚೇರ್ ಸಹಾಯವನ್ನು ಟಿಕೆಟ್ ತೆಗೆಯುವಾಗಲೇ ಕೇಳಿ, ಬೆಂಗಳೂರು, ಫ್ರಾಂಕ್‌ಫರ್ಟ್, ಶಿಕಾಗೋ ಮೂರಕ್ಕೂ. ಮಂಡಿನೋವು ನಿಜವಾಗಿಯೂ ಇರುವಾಗ ಸಂಕೋಚ ಬೇಡ. ಬೆಂಗಳೂರಿನ ಎರಡನೇ ಟರ್ಮಿನಲ್‌ನಲ್ಲೇ ಬಾಗಿಲಿನಿಂದ ಗೇಟಿನವರೆಗೆ ಒಳ್ಳೆಯ ದೂರವಿದೆ. ಮಕ್ಕಳೊಂದಿಗೆ ಒಂದೇ ಬುಕಿಂಗ್‌ನಲ್ಲಿದ್ದರೆ ಸಹಾಯಕರು ಸಾಮಾನ್ಯವಾಗಿ ನಿಮ್ಮೆಲ್ಲರನ್ನೂ ಒಟ್ಟಿಗೇ ಕರೆದೊಯ್ಯುತ್ತಾರೆ, ವಿಮಾನವನ್ನೂ ಮೊದಲು ಹತ್ತಿಸುತ್ತಾರೆ.

ಸೀಟು, ತೊಟ್ಟಿಲು, ಬೆಲ್ಟು

ಬ್ಯಾಸಿನೆಟ್ ಎಂದರೆ ಎದುರಿಗೆ ಗೋಡೆ ಇರುವ ಸಾಲಿನಲ್ಲಿ ಆ ಗೋಡೆಗೆ ಸಿಕ್ಕಿಸುವ ಪುಟ್ಟ ತೊಟ್ಟಿಲು. ವಿಮಾನದಲ್ಲಿ ಇರುವುದು ಕೆಲವೇ. ಆನ್‌ಲೈನ್‌ನಲ್ಲಿ ಸೀಟು ಆರಿಸಿದ ಮಾತ್ರಕ್ಕೆ ಅದು ಸಿಗುವುದಿಲ್ಲ. ಟಿಕೆಟ್ ತೆಗೆದ ದಿನವೇ ಫೋನ್ ಮಾಡಿ, ಕೂಸಿನ ವಯಸ್ಸು, ತೂಕ, ಉದ್ದ ಹೇಳಿ ಕಾದಿರಿಸಬೇಕು. ತೂಕದ ಮಿತಿ ಬಹಳ ಕಡೆ 10ರಿಂದ 11 ಕೆಜಿ, ಕೆಲವು ಕಡೆ ಇದಕ್ಕಿಂತ ಹೆಚ್ಚು. ಮಗಳು ತೂಕದಲ್ಲಿ ಒಳಗಿದ್ದರೂ ಉದ್ದದಲ್ಲಿ ಅಂಚಿನಲ್ಲಿದ್ದಾಳೆ. ಈ ವಯಸ್ಸಿನ ಹೆಣ್ಣುಮಕ್ಕಳು ಸುಮಾರು 70 ಸೆಂ.ಮೀ. ಇರುತ್ತಾರೆ, ಅನೇಕ ತೊಟ್ಟಿಲುಗಳ ಉದ್ದವೂ ಅಷ್ಟೇ. ಜೊತೆಗೆ ಹತ್ತು ತಿಂಗಳ ಕೂಸು ಎಚ್ಚರವಾದ ಕೂಡಲೇ ಅಂಚು ಹಿಡಿದು ಎದ್ದು ನಿಲ್ಲುತ್ತದೆ. ಆದ್ದರಿಂದ ತೊಟ್ಟಿಲಿನ ಮೇಲೆ ಪೂರ್ತಿ ಭರವಸೆ ಇಡಬೇಡಿ. ಪಕ್ಕದಲ್ಲಿ ಒಬ್ಬರು ಎಚ್ಚರವಿದ್ದು, ಕೂಸು ಗಾಢ ನಿದ್ದೆಯಲ್ಲಿದ್ದಾಗ ಮಾತ್ರ ಅದರಲ್ಲಿ ಮಲಗಿಸಿ. ಸೀಟ್‌ಬೆಲ್ಟ್ ದೀಪ ಹತ್ತಿದಾಗಲೆಲ್ಲ ಅವಳನ್ನು ಎತ್ತಿ ಮಡಿಲಿಗೆ ತೆಗೆದುಕೊಳ್ಳಲೇಬೇಕು. ಈಗಷ್ಟೇ ಮಲಗಿದ್ದಾಳೆ ಎಂದರೆ ಗಗನಸಖಿ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಕಾಲಿನ ಬಳಿ ನೆಲದ ಮೇಲೆ ಹೊದಿಕೆ ಹಾಸಿ ಮಲಗಿಸುವುದು ಇನ್ನೂ ಅಪಾಯ. ಕುಲುಕಾಟದಲ್ಲಿ ನೆಲದ ಮೇಲಿನ ಮಗು ಮೊದಲು ಮೇಲಕ್ಕೆ ಹಾರುತ್ತದೆ. ಆಮ್ಲಜನಕದ ಮುಖವಾಡವೂ ಅಲ್ಲಿಗೆ ಎಟುಕುವುದಿಲ್ಲ.

ಹಾಗಾದರೆ ಗೋಡೆಯೆದುರಿನ ಸಾಲು ಯಾಕೆ ಬೇಕು? ಕಾಲು ಚಾಚಲು ಜಾಗವಿದೆ, ಮುಂದಿನವರ ಸೀಟು ಮಗುವಿನ ತಲೆಯ ಮೇಲೆ ವಾಲುವುದಿಲ್ಲ, ಅತ್ತೆಯವರ ಮಂಡಿಗೆ ಆರಾಮ. ಬೆಲೆ ಏನೆಂದರೆ, ಈ ಸಾಲಿನಲ್ಲಿ ಊಟದ ಹಲಗೆ ಕೈದಿಂಬಿನ ಒಳಗೆ ಅಡಗಿರುತ್ತದೆ, ಹಾಗಾಗಿ ಕೈದಿಂಬು ಮೇಲೇಳುವುದಿಲ್ಲ. ಮಗ ನಿಮ್ಮ ತೊಡೆಯ ಮೇಲೆ ತಲೆಯಿಟ್ಟು ಅಡ್ಡ ಮಲಗಲಾರ. ಕೈಚೀಲ ಕಾಲ ಬಳಿ ಇಡಲೂ ಬಿಡುವುದಿಲ್ಲ, ಏರುವಾಗ ಇಳಿಯುವಾಗ ಎಲ್ಲ ಮೇಲಿನ ಪೆಟ್ಟಿಗೆಗೆ ಹೋಗಬೇಕು.

ಇದನ್ನೆಲ್ಲ ತೂಗಿ ನೋಡಿದರೆ, ರಾತ್ರಿಯ ಬೆಂಗಳೂರು–ಫ್ರಾಂಕ್‌ಫರ್ಟ್ ಹಾರಾಟಕ್ಕೆ ತೊಟ್ಟಿಲಿನ ಸಾಲು ತೆಗೆದುಕೊಳ್ಳಿ, ಹಗಲಿನ ಫ್ರಾಂಕ್‌ಫರ್ಟ್–ಶಿಕಾಗೋಗೆ ಸಾಮಾನ್ಯ ಸಾಲು. ಎರಡನೇ ಹಾರಾಟ ಮುಗಿಯುವ ಹೊತ್ತಿಗೆ ಶಿಕಾಗೋದಲ್ಲಿ ಮಧ್ಯಾಹ್ನವಾದರೂ ಮಕ್ಕಳ ಮೈಗೆ ಅದು ದಾವಣಗೆರೆಯ ರಾತ್ರಿ ಹನ್ನೊಂದು. ಕೊನೆಯ ಮೂರು ಗಂಟೆ ಮಗ ಬಿದ್ದು ನಿದ್ದೆ ಹೋಗುತ್ತಾನೆ, ಆಗ ಮೇಲೇಳುವ ಕೈದಿಂಬು ತೊಟ್ಟಿಲಿಗಿಂತ ಉಪಕಾರಿ.

ಕಿಟಕಿ ಬದಿಯ ಮೂರು ಸೀಟುಗಳಲ್ಲಿ ಮಗ ಕಿಟಕಿಗೆ, ಕೂಸಿನೊಂದಿಗೆ ನೀವು ನಡುವೆ, ಅತ್ತೆಯವರು ಓಡಾಡುವ ದಾರಿಯ ಕಡೆಗೆ. ದಾರಿಯ ಕಡೆಗೆ ಮಗುವನ್ನು ಕೂರಿಸಬೇಡಿ. ಬಿಸಿ ಚಹಾ ಅವನ ತಲೆಯ ಮೇಲಿಂದಲೇ ದಾಟುತ್ತದೆ, ಹೊರಚಾಚಿದ ಪುಟ್ಟ ಕೈಗೆ ಊಟದ ಗಾಡಿ ತಾಗುತ್ತದೆ. ಇನ್ನೊಂದು ಸೂಕ್ಷ್ಮ: ಸೀಟುಗಳ ಪ್ರತಿ ಗುಂಪಿಗೆ ಒಂದು ಹೆಚ್ಚುವರಿ ಆಮ್ಲಜನಕ ಮುಖವಾಡ ಕೆಲವು ಸಾಲುಗಳಲ್ಲಿ ಮಾತ್ರ ಇರುತ್ತದೆ. ನೀವು ಆರಿಸಿದ ಸಾಲಿನಲ್ಲಿ ಅದಿಲ್ಲದಿದ್ದರೆ, ಅಥವಾ ಅದೇ ಗುಂಪಿನಲ್ಲಿ ಇನ್ನೊಂದು ಕೂಸಿದ್ದರೆ, ಕೊನೆಗಳಿಗೆಯಲ್ಲಿ ನಿಮ್ಮನ್ನು ಎಬ್ಬಿಸಿ ಬೇರೆ ಕಡೆ ಕೂರಿಸುತ್ತಾರೆ. ಕೂಸು ಇದೆ ಎಂದು ಮೊದಲೇ ಬುಕಿಂಗ್‌ನಲ್ಲಿದ್ದರೆ ಈ ರಗಳೆ ಇಲ್ಲ.

ಬೆಲ್ಟಿನ ವಿಷಯದಲ್ಲಿ ಎರಡು ಕಂಪನಿಗಳು ಎರಡು ರೀತಿ. ಭಾರತ, ಯುರೋಪಿನ ವಿಮಾನಗಳಲ್ಲಿ ನಿಮ್ಮ ಬೆಲ್ಟಿಗೆ ಪೋಣಿಸುವ ಪುಟ್ಟ ಬೆಲ್ಟ್ ಕೊಟ್ಟು ಕೂಸಿನ ಸೊಂಟಕ್ಕೆ ಕಟ್ಟಿಸುತ್ತಾರೆ. ಅಮೆರಿಕದ ಕಂಪನಿಗಳಲ್ಲಿ ಅದಕ್ಕೆ ಅನುಮತಿಯಿಲ್ಲ, ಬರಿಗೈಯಲ್ಲೇ ಹಿಡಿದುಕೊಳ್ಳಬೇಕು. ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್‌ನಲ್ಲಿ ಇಟ್ಟುಕೊಂಡು ಕೂತರೆ ಏರುವಾಗ, ಇಳಿಯುವಾಗ ಬಿಚ್ಚಲು ಹೇಳುತ್ತಾರೆ. ಅಪ್ಪಟ ಸುರಕ್ಷತೆಯ ದೃಷ್ಟಿಯಿಂದ ಹೇಳುವುದಾದರೆ ಕೂಸಿಗೂ ಸೀಟು ತೆಗೆದು, ವಿಮಾನಕ್ಕೆ ಒಪ್ಪಿಗೆಯಿರುವ ಕಾರ್ ಸೀಟಿನಲ್ಲಿ ಕಟ್ಟುವುದೇ ಸರಿ. 1989ರಲ್ಲಿ ಅಮೆರಿಕದ ಸೂ ಸಿಟಿಯಲ್ಲಿ ತುರ್ತಾಗಿ ಇಳಿಯಲು ಹೋಗಿ ಪತನವಾದ ಯುನೈಟೆಡ್ 232ರಲ್ಲಿ ಮಡಿಲಿನ ಮಗುವೊಂದು ತೀರಿಕೊಂಡ ಮೇಲೆ ಈ ಚರ್ಚೆ ಇಂದಿಗೂ ನಿಂತಿಲ್ಲ. ಆದರೂ ಅಮೆರಿಕ ಮಡಿಲ ಪ್ರಯಾಣವನ್ನು ನಿಷೇಧಿಸಿಲ್ಲ, ಬೇರೆ ಸೀಟು ತೆಗೆಯಿರಿ ಎಂದು ಸಲಹೆ ಮಾತ್ರ ಕೊಡುತ್ತದೆ. ಖರ್ಚು ತಾಳುವುದಾದರೆ ತೆಗೆಯಿರಿ. ತಾಳದಿದ್ದರೆ ಏರುವಾಗ, ಇಳಿಯುವಾಗ ಮತ್ತು ಬೆಲ್ಟಿನ ದೀಪ ಹತ್ತಿರುವಾಗ ಕೂಸು ನಿಮ್ಮ ಕೈಯಲ್ಲೇ ಇರಲಿ, ನಿದ್ದೆ ತೂಗುವ ಅತ್ತೆಯವರ ಕೈಯಲ್ಲಿ ಬೇಡ.

ಕಿವಿ

ಕಿವಿ ನೋಯುವುದು ವಿಮಾನ ಏರುವಾಗ ಎಂದು ಬಹಳ ಜನ ತಿಳಿದಿರುತ್ತಾರೆ. ರನ್‌ವೇಗೆ ಹೊರಟ ಕೂಡಲೇ ಪೂರ್ತಿ ಬಾಟಲಿ ಕುಡಿಸಿ ಮುಗಿಸುತ್ತಾರೆ. ನಿಜವಾದ ನೋವು ಇಳಿಯುವಾಗ. ಕಿವಿಯ ತಮಟೆಯ ಹಿಂದಿನ ಪುಟ್ಟ ಕೋಣೆಯಿಂದ ಮೂಗಿನ ಹಿಂಭಾಗಕ್ಕೆ ಒಂದು ಕಿರುನಾಳವಿದೆ. ಏರುವಾಗ ಒಳಗಿನ ಗಾಳಿ ಹಿಗ್ಗಿ ತಾನಾಗಿಯೇ ಆ ನಾಳದಿಂದ ಹೊರಬೀಳುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚಿ ತಮಟೆ ಒಳಕ್ಕೆ ಸೆಳೆಯುತ್ತದೆ, ಗಾಳಿ ಒಳಗೆ ಹೋಗಬೇಕೆಂದರೆ ನಾಳ ತೆರೆಯಬೇಕು, ಅದು ತೆರೆಯುವುದು ನುಂಗಿದಾಗ ಅಥವಾ ಆಕಳಿಸಿದಾಗ ಮಾತ್ರ. ಮಕ್ಕಳಲ್ಲಿ ಈ ನಾಳ ಕಿರಿದು, ಅಡ್ಡಡ್ಡ, ಶೀತವಾದರೆ ಊದಿ ಮುಚ್ಚಿಯೇ ಹೋಗುತ್ತದೆ. ನಿದ್ದೆಯಲ್ಲಿರುವ ಮಗು ನುಂಗುವುದು ಕಡಿಮೆ. ಅದಕ್ಕೇ ಚೆನ್ನಾಗಿ ಮಲಗಿದ್ದ ಕೂಸು ಇಳಿಯುವ ಹತ್ತು ನಿಮಿಷ ಮೊದಲು ಚೀರಿ ಎದ್ದುಬಿಡುತ್ತದೆ.

ಮಾಡಬೇಕಾದದ್ದು ಹೀಗೆ. ವಿಮಾನ ಇಳಿಯತೊಡಗುವುದು ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮೊದಲು. ಸೀಟಿನ ಮುಂದಿನ ಪರದೆಯಲ್ಲಿ ನಕ್ಷೆ ಹಾಕಿಡಿ. 35,000 ಅಡಿಯ ಆಸುಪಾಸಿನಲ್ಲಿರುವ ಎತ್ತರ ಕೆಳಗಿಳಿಯತೊಡಗಿದರೆ ಅದೇ ನಿಮ್ಮ ಸಮಯ. ಕೂಸು ಮಲಗಿದ್ದರೂ ಮೆಲ್ಲಗೆ ಎಬ್ಬಿಸಿ. ಎದೆಗೆ ಹಾಕಿಕೊಳ್ಳಿ, ಇಲ್ಲವೇ ಸಣ್ಣ ತೂತಿನ ನಿಪ್ಪಲ್ ಇರುವ ಬಾಟಲಿ ಕೊಡಿ, ಬೇಗ ಮುಗಿಯಬಾರದು. ಅದಕ್ಕಿಂತ ಎರಡು ಗಂಟೆ ಮೊದಲು ಹೊಟ್ಟೆ ತುಂಬ ಕುಡಿಸಿದ್ದರೆ ಈಗ ಬಾಯಿ ತಿರುಗಿಸುತ್ತಾಳೆ, ಹಾಗಾಗಿ ಆ ಹೊತ್ತಿನ ಹಾಲನ್ನು ಹಿಂದಕ್ಕೆ ತಳ್ಳಿ. ಬೇಡವೆಂದರೆ ಚೀಪುವ ನಿಪ್ಪಲ್, ಅಥವಾ ಚಮಚದಲ್ಲಿ ನೀರು ಹನಿಹನಿಯಾಗಿ. ಏನೂ ಆಗದೆ ಅತ್ತರೂ ಪರವಾಗಿಲ್ಲ, ಅಳುವಾಗಲೂ ನುಂಗುತ್ತಾಳೆ, ಅಳುವೇ ಕಿವಿ ತೆರೆಸುತ್ತದೆ. ಪಕ್ಕದವರ ಮುಖ ನೋಡಬೇಡಿ.

ಮಗನಿಗೆ ಸ್ಟ್ರಾ ಹಾಕಿದ ನೀರು, ಅಗಿಯಲು ಚಪಾತಿ ಚೂರು. ಗಟ್ಟಿ ಪೆಪ್ಪರ್‌ಮೆಂಟ್ ಬೇಡ. ಒಂದು ಕುಲುಕಿಗೆ ಗಂಟಲಿಗೆ ಜಾರುತ್ತದೆ. ಮೂಗು ಕಟ್ಟಿದ್ದರೆ ಇಳಿಯುವ ಅರ್ಧ ಗಂಟೆ ಮುಂಚೆ ಇಬ್ಬರಿಗೂ ಉಪ್ಪುನೀರಿನ ಮೂಗಿನ ಹನಿ ಹಾಕಿ. ಈಚೆಗೆ ಕಿವಿ ಸೋರಿದ್ದರೆ, ಕಿವಿನೋವಿಗೆ ಆಂಟಿಬಯೋಟಿಕ್ ನಡೆಯುತ್ತಿದ್ದರೆ, ಹೊರಡುವ ಮುನ್ನ ಡಾಕ್ಟರು ಕಿವಿಯೊಳಗೆ ನೋಡಿ ಹೂಂ ಅನ್ನಲಿ.

ಹಾಲು, ಹುರಿಹಿಟ್ಟು, ಕೊಬ್ಬರಿ

ದಾವಣಗೆರೆಯಲ್ಲಿ ಸಂಜೆ ಐದಕ್ಕೆ ಹೊರಟು ಮರುದಿನ ಅಲ್ಲಿನ ಮಧ್ಯಾಹ್ನ ಒಂದಕ್ಕೆ ಶಿಕಾಗೋದಲ್ಲಿ ಇಳಿದರೆ ಒಟ್ಟು ಸುಮಾರು 30 ಗಂಟೆ. ಹೆದ್ದಾರಿಯಲ್ಲಿ ಬಂದು ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ, ಮಕ್ಕಳು ದಾರಿಯಲ್ಲೇ ಸುಸ್ತಾಗುವುದೂ ತಪ್ಪುತ್ತದೆ. ವಿಮಾನಕ್ಕೆ ನಾಲ್ಕು ಗಂಟೆ ಮೊದಲು ನಿಲ್ದಾಣದಲ್ಲಿರಿ.

ಮಗಳು ನಾಲ್ಕೈದು ಗಂಟೆಗೊಮ್ಮೆ ಫಾರ್ಮುಲಾ ಕುಡಿಯುವವಳಾದರೆ 30 ಗಂಟೆಗೆ ಆರೇಳು ಸಲ. ಮೂರು ಸಲದ್ದು ಹೆಚ್ಚಿಗೆ ಇರಲಿ. ಡಬ್ಬಿಯನ್ನೇ ಒಯ್ಯಬೇಡಿ. ಒಂದು ಸಲಕ್ಕೆ ಬೇಕಾದ ಪುಡಿಯನ್ನು ಮನೆಯಲ್ಲೇ ಒಣಗಿದ ಪುಟ್ಟ ಡಬ್ಬಿಗಳಲ್ಲಿ ಅಳೆದಿಡಿ. ನಮ್ಮಲ್ಲಿ ಹೆಚ್ಚಿನ ಡಬ್ಬಿಗಳ ಅಳತೆ 30 ಮಿ.ಲೀ. ನೀರಿಗೆ ಒಂದು ಚಮಚ, ನಿಮ್ಮ ಡಬ್ಬಿಯದ್ದು ನೋಡಿಕೊಳ್ಳಿ. ನೀರು ಕುದಿಸಿ ಅರ್ಧ ಲೀಟರಿನ ಫ್ಲಾಸ್ಕಿನಲ್ಲಿ ತುಂಬಿ. 100 ಮಿ.ಲೀ. ನಿಯಮ ಕೂಸಿನ ಹಾಲು, ನೀರು, ಆಹಾರಕ್ಕೆ ಪ್ರಯಾಣಕ್ಕೆ ಬೇಕಾದಷ್ಟರ ಮಟ್ಟಿಗೆ ಅನ್ವಯಿಸುವುದಿಲ್ಲ, ಬೆಂಗಳೂರಿನಲ್ಲೂ ಫ್ರಾಂಕ್‌ಫರ್ಟ್‌ನಲ್ಲೂ. ಆದರೆ ಚೀಲದೊಳಗೆ ಬಚ್ಚಿಡಬೇಡಿ, ಟ್ರೇಯಲ್ಲಿ ಬೇರೆಯಾಗಿ ಇಟ್ಟು ‘ಕೂಸಿನದು’ ಎಂದು ಹೇಳಿ. ಕುಡಿದು ತೋರಿಸಿ ಎಂದರೆ ತೋರಿಸಿ. ಫ್ಲಾಸ್ಕ್ ಖಾಲಿಯಾದರೆ ತಪಾಸಣೆ ದಾಟಿದ ಮೇಲಿನ ಕಾಫಿ ಅಂಗಡಿಯಲ್ಲಿ ಬಿಸಿನೀರು ಕೇಳಿ. ವಿಮಾನದ ಟ್ಯಾಂಕಿನ ನೀರನ್ನು ಫಾರ್ಮುಲಾಕ್ಕೆ ಬಳಸದಿದ್ದರೆ ಒಳ್ಳೆಯದು, ಚಹಾಕ್ಕೆ ಕೊಡುವ ಬಿಸಿನೀರೂ ಅಲ್ಲಿಂದಲೇ ಬರುತ್ತದೆ. ಬಾಟಲಿ ನೀರು ಕೇಳಿ ಪಡೆದು, ನಿಮ್ಮ ಫ್ಲಾಸ್ಕಿನ ಬಿಸಿಯೊಂದಿಗೆ ಬೆರೆಸಿ ಹದ ಮಾಡಿ. ಕಲಸಿದ ಫಾರ್ಮುಲಾ ಎರಡು ಗಂಟೆಯೊಳಗೆ ಕೊಡಬೇಕು, ಬಾಯಿ ಹಾಕಿದ್ದಾದರೆ ಒಂದು ಗಂಟೆಯೊಳಗೆ. ಉಳಿದದ್ದು ಚೆಲ್ಲಿ, ‘ಪಾಪ ಇಷ್ಟು ಉಳಿದಿದೆ’ ಎಂದು ಎತ್ತಿಡಬೇಡಿ.

ರಾಗಿ ಸರಿಯ ಪುಡಿ ತರಬೇಕೆನಿಸುತ್ತದೆ. ಆದರೆ ಅದು ಒಲೆಯ ಮೇಲೆ ಬೇಯಬೇಕು, ಫ್ಲಾಸ್ಕಿನ ನೀರಿಗೆ ಗಂಟುಕಟ್ಟಿ ಹಸಿಯಾಗಿಯೇ ಉಳಿಯುತ್ತದೆ. ಅದರ ಬದಲು ಅರಳು ಹುರಿದು ಬೀಸಿದ ರಾಗಿ ಹುರಿಹಿಟ್ಟು ಒಯ್ಯಿರಿ. ಅದು ಹುರಿಯುವಾಗಲೇ ಬೆಂದಿರುತ್ತದೆ, ಬಿಸಿನೀರು ಹಾಕಿ ಕಲಸಿದರೆ ಸಾಕು, ಸಿಹಿ ಬೇಕೆಂದರೆ ಕಿವುಚಿದ ಬಾಳೆಹಣ್ಣು. ಹೊರಡುವ ಒಂದು ವಾರ ಮುಂಚೆಯಿಂದ ಮನೆಯಲ್ಲೇ ತಿನ್ನಿಸಿ ರೂಢಿ ಮಾಡಿ. ದಾರಿಯಲ್ಲಿ ಹೊಸದೇನೂ ಬಾಯಿಗಿಡಬೇಡಿ, ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಎಲ್ಲೂ ಬೇಡ. ಅಮೆರಿಕಕ್ಕೆ ಹೋಗುವ ವಿಮಾನದ ಕೈಚೀಲದಲ್ಲಿ 350 ಮಿ.ಲೀ.ಗಿಂತ ಹೆಚ್ಚು ಪುಡಿಯಿದ್ದರೆ 2018ರಿಂದ ಹೆಚ್ಚುವರಿ ತಪಾಸಣೆಯಿದೆ. ಕೂಸಿನ ಫಾರ್ಮುಲಾಗೆ ರಿಯಾಯಿತಿ, ಹಿಟ್ಟಿಗೆ ಇಲ್ಲ. ಆದ್ದರಿಂದ ಹುರಿಹಿಟ್ಟು ಒಂದು ಲೋಟದಷ್ಟು ಕೈಯಲ್ಲಿ, ಉಳಿದದ್ದು ದೊಡ್ಡ ಸೂಟ್‌ಕೇಸಿನಲ್ಲಿ.

ಮಗನಿಗೆ ಮೊದಲ ಆರು ಗಂಟೆಗೆ ಇಡ್ಲಿ, ಆಮೇಲೆ ತುಪ್ಪ ಸವರಿದ ಚಪಾತಿ, ಮಂಡಕ್ಕಿ, ಒಣ ಅವಲಕ್ಕಿ. ಮಂಡಕ್ಕಿಗೆ ಕಡಲೆಬೀಜ ಹಾಕಬೇಡಿ. ಈ ವಯಸ್ಸಿನಲ್ಲಿ ಗಂಟಲಿಗೆ ಸಿಗುವ ಪದಾರ್ಥಗಳಲ್ಲಿ ಅದು ಮೊದಲ ಸಾಲಿನದು. ವಿಮಾನದ ಊಟವನ್ನು ಕನಿಷ್ಠ 24 ಗಂಟೆ ಮೊದಲು ಹೇಳಬೇಕು. ‘ಮಕ್ಕಳ ಊಟ’ ಎಂದು ಹೇಳಿದರೆ ಅನೇಕ ಕಂಪನಿಗಳಲ್ಲಿ ಕೋಳಿಯ ತುಂಡುಗಳು ಬರುತ್ತವೆ. ನೀವು ಸಸ್ಯಾಹಾರಿಗಳಾದರೆ ಮೂವರಿಗೂ ಏಷ್ಯನ್ ವೆಜಿಟೇರಿಯನ್ ಎಂದೇ ಬರೆಸಿ.

ಅತ್ತೆಯವರು ಕಟ್ಟುವ ಗಂಟಿನ ಮೇಲೆ ಒಂದು ಕಣ್ಣಿರಲಿ. ಒಣಕೊಬ್ಬರಿ ಸೂಟ್‌ಕೇಸಿನಲ್ಲಿ ನಿಷಿದ್ಧ, ಎಣ್ಣೆ ಅಂಶ ಹೆಚ್ಚಿರುವುದರಿಂದ ಬೆಂಕಿ ಹಿಡಿಯುವ ಪದಾರ್ಥ ಎಂದು ಲೆಕ್ಕ. ಎಕ್ಸ್‌ರೇಯಲ್ಲಿ ಕಂಡರೆ ನಿಮ್ಮನ್ನು ಕರೆಸಿ ಪೆಟ್ಟಿಗೆ ಬಿಚ್ಚಿಸುತ್ತಾರೆ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನಡುರಾತ್ರಿ ಅದು ಯಾರಿಗೆ ಬೇಕು? ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ತಾಜಾ ಹಣ್ಣು ಶಿಕಾಗೋದ ಒಳಗೆ ಹೋಗುವಂತಿಲ್ಲ. ವಿಮಾನದಲ್ಲಿ ಕೊಟ್ಟ ಸೇಬು ಮಗನ ಚೀಲದಲ್ಲಿ ಉಳಿದಿದ್ದರೂ ದಂಡ ಬೀಳಬಹುದು. ಇಳಿಯುವ ಮೊದಲು ಚೀಲ ತಡವಿ ನೋಡಿ, ಉಳಿದ ತಿಂಡಿಯನ್ನು ಕೇಳಿದಾಗ ‘ಇದೆ’ ಎಂದು ಹೇಳಿ. ಹೇಳಿದವರಿಗೆ ದಂಡವಿಲ್ಲ, ಹೆಚ್ಚೆಂದರೆ ತಿಂಡಿ ಹೋಗುತ್ತದೆ.

ಡೈಪರ್ ಮತ್ತು ಶೌಚ

ಎರಡು ಗಂಟೆಗೊಂದು ಡೈಪರ್ ಎಂದರೆ 15, ಭೇದಿಯಾದರೆ ಇರಲೆಂದು ಇನ್ನೈದು. ವಿಮಾನದ ಶೌಚಾಲಯದಲ್ಲಿ ಕಮೋಡಿನ ಮೇಲೆ ಗೋಡೆಯಿಂದ ಮಡಚಿ ಇಳಿಸುವ ಪುಟ್ಟ ಹಲಗೆ ಇರುತ್ತದೆ, ಎಲ್ಲ ಶೌಚಾಲಯಗಳಲ್ಲೂ ಅಲ್ಲ. ಎಲ್ಲಿದೆ ಎಂದು ಹತ್ತಿದ ಕೂಡಲೇ ಕೇಳಿಕೊಳ್ಳಿ. ಒಳಗೆ ಚೀಲ ಇಡಲು ಜಾಗವೇ ಇಲ್ಲ. ಒಂದು ಜಿಪ್ ಕವರಿನಲ್ಲಿ ಎರಡು ಡೈಪರ್, ಹತ್ತು ವೈಪ್ಸ್, ಹಾಸುವ ಪ್ಲಾಸ್ಟಿಕ್ ಹಾಳೆ, ಒಂದು ಅಂಗಿ, ಕೊಳೆ ಬಟ್ಟೆಗೆ ಒಂದು ಖಾಲಿ ಕವರ್. ಇಂಥ ಕವರು ನಾಲ್ಕು ಮಾಡಿಟ್ಟು, ಹೋಗುವಾಗ ಒಂದನ್ನು ಮಾತ್ರ ಕೈಯಲ್ಲಿ ಹಿಡಿದುಹೋಗಿ. ಹೊಸ ಡೈಪರನ್ನು ಹಳೆಯದರ ಕೆಳಗೆ ಮೊದಲೇ ಹರಡಿ, ಆಮೇಲೆ ಹಳೆಯದನ್ನು ಬಿಚ್ಚಿ. ಒಂದು ಕೈ ಸದಾ ಕೂಸಿನ ಹೊಟ್ಟೆಯ ಮೇಲಿರಲಿ. ಬಳಸಿದ್ದು ಕಸದ ಡಬ್ಬಿಗೆ, ಕಮೋಡಿಗೆ ಅಲ್ಲ. ನಿಮಗೂ ಒಂದು ಮೇಲಂಗಿ ಕೈಚೀಲದಲ್ಲಿರಲಿ. ವಾಂತಿಯಾಗುವುದು ಕೂಸಿಗೆ, ನೆನೆಯುವುದು ನೀವು.

ಮಗ ಡೈಪರ್ ಬಿಟ್ಟಿದ್ದರೂ ಈ ಪ್ರಯಾಣಕ್ಕೆ ಚಡ್ಡಿಯಂತೆ ಹಾಕುವ ಡೈಪರ್ ಹಾಕಿ. ರನ್‌ವೇಯಲ್ಲಿ ಸರದಿ ಕಾಯುವಾಗಲೂ ಇಳಿಯುವ ಅರ್ಧ ಗಂಟೆಯಲ್ಲೂ ಎದ್ದು ಹೋಗಲು ಬಿಡುವುದಿಲ್ಲ. ಕಿವಿಯ ಹಾಲಿಗೂ ಮೊದಲೇ, ಪರದೆಯಲ್ಲಿ ‘ಇನ್ನು 50 ನಿಮಿಷ’ ಎಂದಾಗ, ಅವನನ್ನು ಶೌಚಕ್ಕೆ ಕರೆದೊಯ್ಯಿರಿ. ಆ ಫ್ಲಶ್ಶಿನ ಸದ್ದಿಗೆ ಮಕ್ಕಳು ಹೆದರಿ ಆಮೇಲೆ ಕಟ್ಟಿಕೊಂಡು ಕೂರುತ್ತಾರೆ. ಮುಚ್ಚಳ ಹಾಕಿ, ಅವನನ್ನು ಬಾಗಿಲಾಚೆ ಅಜ್ಜಿಯ ಕೈಗೆ ಕೊಟ್ಟು, ಆಮೇಲೆ ಒತ್ತಿ.

ತಳ್ಳುಗಾಡಿ, ತಪಾಸಣೆ, ಆಟ

ಮಡಚುವ ಸ್ಟ್ರಾಲರನ್ನು ಗೇಟಿನವರೆಗೆ ಒಯ್ಯಬಹುದು. ಚೀಟಿ ಕಟ್ಟುವಾಗಲೇ ಅದು ಫ್ರಾಂಕ್‌ಫರ್ಟ್‌ನಲ್ಲಿ ಸಿಗುತ್ತದೋ ಶಿಕಾಗೋದಲ್ಲೋ ಕೇಳಿ. ಶಿಕಾಗೋವರೆಗೆ ಚೀಟಿ ಬಿದ್ದರೆ ಫ್ರಾಂಕ್‌ಫರ್ಟ್‌ನ ನಡಿಗೆಯಷ್ಟಕ್ಕೂ ನಿಮ್ಮ ಕೈಗಳೇ ಗತಿ, ಅದಕ್ಕೇ ಎದೆಗೆ ಕಟ್ಟುವ ಕ್ಯಾರಿಯರ್ ಬೇಕೇ ಬೇಕು. ತಪಾಸಣೆಯಲ್ಲಿ ಕೂಸನ್ನು ಎರಡರಿಂದಲೂ ಹೊರತೆಗೆಯಬೇಕಾಗುತ್ತದೆ.

ಯಜಮಾನರು ಜೊತೆಗಿಲ್ಲದ ಕಾರಣ ಅವರಿಂದ ಇಂಗ್ಲಿಷಿನಲ್ಲಿ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ, ಮಕ್ಕಳ ಜನನ ಪ್ರಮಾಣಪತ್ರದ ನಕಲು ಇಟ್ಟುಕೊಳ್ಳಿ. ಕಡ್ಡಾಯವಲ್ಲ, ಕೇಳಿದರೆ ಮಾತು ಬೇಗ ಮುಗಿಯುತ್ತದೆ.

ಆಟಿಕೆಗೆ ಹೆಚ್ಚು ಖರ್ಚು ಮಾಡಬೇಡಿ. ಅಂಟಿಸಿ ಕೀಳುವ ಸ್ಟಿಕರ್ ಪುಸ್ತಕ, ಕಾಗದದ ಟೇಪಿನ ಒಂದು ಸುರುಳಿ, ನೆಟ್ ಇಲ್ಲದೆಯೂ ಓಡುವಂತೆ ಫೋನಿನಲ್ಲಿ ಇಳಿಸಿಟ್ಟ ಕತೆಗಳು. ಎಲ್ಲವನ್ನೂ ಒಟ್ಟಿಗೆ ತೋರಿಸದೆ ಎರಡು ಗಂಟೆಗೊಂದು ಹೊರತೆಗೆಯಿರಿ. ಪಕ್ಕದವರಿಗೆ ಚಾಕೊಲೇಟು ಹಂಚಿ ಮೊದಲೇ ಕ್ಷಮೆ ಕೇಳುವ ಹೊಸ ರೂಢಿಯ ಅಗತ್ಯ ಕಾಣುವುದಿಲ್ಲ. ನಿಮ್ಮ ಮಕ್ಕಳೂ ಟಿಕೆಟ್ ಇರುವ ಪ್ರಯಾಣಿಕರೇ.

ಇಳಿದ ಮೇಲೆ

ಸೂಟ್‌ಕೇಸುಗಳು ಕಸ್ಟಮ್ಸ್ ದಾಟಿ ಹೊರಬಂದಾಗ ಯಜಮಾನರ ಕಾರಿನಲ್ಲಿ ಎರಡು ಮಕ್ಕಳ ಸೀಟು ಸಿದ್ಧವಿರಬೇಕು. ಇಲಿನಾಯ್ ರಾಜ್ಯದ ಕಾನೂನಿನಂತೆ ಎಂಟು ವರ್ಷದೊಳಗಿನವರಿಗೆ ಮಕ್ಕಳ ಸೀಟು ಕಡ್ಡಾಯ. 2019ರಿಂದ ಎರಡು ವರ್ಷದೊಳಗಿನ ಮಗು ಹಿಮ್ಮುಖವಾಗಿಯೇ ಕೂರಬೇಕು, ತೂಕ ಸುಮಾರು 18 ಕೆಜಿ ಅಥವಾ ಎತ್ತರ ಸುಮಾರು 102 ಸೆಂ.ಮೀ. ಮುಟ್ಟಿದ್ದರೆ ಮಾತ್ರ ವಿನಾಯಿತಿ. ಇಲ್ಲಿಂದ ಕೊಂಡೊಯ್ಯುವ ಯೋಚನೆ ಬಿಡಿ. ನಮ್ಮಲ್ಲಿ ಸಿಗುವ ಸೀಟುಗಳಿಗೆ ಅಮೆರಿಕದ ಮಾನದಂಡದ ಮುದ್ರೆ ಇರುವುದಿಲ್ಲ, ಅಲ್ಲಿ ಅವು ನಡೆಯುವುದಿಲ್ಲ. ಅವರು ಅಲ್ಲೇ ಎರಡು ಕೊಂಡು, ನೀವು ಬರುವ ಮೊದಲೇ ಕಾರಿಗೆ ಬಿಗಿದಿಟ್ಟು ಅಲುಗಾಡಿಸಿ ನೋಡಿರಲಿ. ಸುಸ್ತಾದ ಮಕ್ಕಳನ್ನು ಇಟ್ಟುಕೊಂಡು ಪಾರ್ಕಿಂಗ್‌ನಲ್ಲಿ ಕೈಪಿಡಿ ಓದುವುದು ಬೇಡ.

ಸಮಯದ ವ್ಯತ್ಯಾಸ ಬೇಸಿಗೆಯಲ್ಲಿ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ. ಮೊದಲ ಮೂರ್ನಾಲ್ಕು ರಾತ್ರಿ ಮಕ್ಕಳು ಒಂದು, ಎರಡಕ್ಕೆ ಎದ್ದು ಊಟ ಕೇಳುತ್ತಾರೆ. ಅವರ ಮೈಗೆ ಅದು ಮಧ್ಯಾಹ್ನದ ಊಟದ ಹೊತ್ತು, ನಿಜವಾಗಿಯೂ ಹಸಿವಿರುತ್ತದೆ. ದೀಪ ಹಾಕದೆ ಸ್ವಲ್ಪ ಮೊಸರನ್ನವೋ ಹಾಲೋ ಕೊಟ್ಟು ಕೋಣೆ ಕತ್ತಲಾಗಿಯೇ ಇಡಿ, ಟಿ.ವಿ. ಬೇಡ. ಬೆಳಗ್ಗೆ ಎಷ್ಟೇ ನಿದ್ದೆಗೆಟ್ಟಿದ್ದರೂ ಏಳು ಗಂಟೆಗೆ ಎಬ್ಬಿಸಿ ಅರ್ಧ ಗಂಟೆ ಬಿಸಿಲಿಗೆ ಹೊರಗೆ ಕರೆದೊಯ್ಯಿರಿ, ಹಗಲಿನ ನಿದ್ದೆ ಒಂದೂವರೆ ಗಂಟೆಗೆ ಮೀರದಿರಲಿ. ಅತ್ತೆಯವರಿಗೂ ಇದೇ ಔಷಧಿ, ಆದರೆ ಅವರನ್ನು ಎಬ್ಬಿಸುವ ಕೆಲಸ ಮಗನಿಗೇ ಬಿಡಿ.